ಬಾವ ಕೊಟ್ಟ ಎಣ್ಣೆ ಬಾಟಲಿ

ಪ್ರಶ್ನೆ: ನನಗೆ 34 ವರ್ಷ. ಹೊಸನಗರದ ಕಡೆ ಅಡಿಕೆ ತೋಟ ಇದೆ. ಕಳೆದ ಮಳೆಗಾಲದಲ್ಲಿ ಹುಲಿಕಲ್ ಘಾಟಿಯಲ್ಲಿ ಬಸ್ಸು ಲಾರಿಗಳ ಹಿಂದೆ ನಿಂತುಬಿಟ್ಟಿತ್ತು. ಇದ್ದಕ್ಕಿದ್ದ ಹಾಗೆ ಎದೆ ಹೊಡೆದುಕೊಂಡು, ಕೈ ಜೋಮು ಹಿಡಿದು, ಸತ್ತೇ ಹೋಗುತ್ತೇನೆ ಅನಿಸಿತು. ಆಮೇಲೂ ನಾಲ್ಕು ಸಲ ಹಾಗಾಗಿದೆ. ಈಗ ಬಸ್ ಹತ್ತುವುದನ್ನೇ ಬಿಟ್ಟಿದ್ದೇನೆ. ಇಸಿಜಿ, ಥೈರಾಯ್ಡ್ ಎಲ್ಲ ಸರಿ ಇದೆ. ಶಿವಮೊಗ್ಗದ ಮನೋವೈದ್ಯರು ಪ್ಯಾನಿಕ್ ಅಟ್ಯಾಕ್ ಎಂದು ಎಸಿಟಲೋಪ್ರಾಮ್ ಮಾತ್ರೆ ಕೊಟ್ಟರು. ಗಾಬರಿ ಇನ್ನೂ ಜಾಸ್ತಿಯಾಯಿತೆಂದು ಐದೇ ದಿನಕ್ಕೆ ಬಿಟ್ಟೆ. ಬೆಂಗಳೂರಿನ ಬಾವ ಸಿಬಿಡಿ ಎಣ್ಣೆ ತಂದುಕೊಟ್ಟು, ‘ದಿನಾ ನಾಲ್ಕು ಹನಿ ನಾಲಿಗೆ ಕೆಳಗೆ ಹಾಕ್ಕೋ, ಮಾತ್ರೆ ಯಾಕೆ’ ಅನ್ನುತ್ತಾನೆ. 30 ಎಂಎಲ್ ಬಾಟಲಿ, 1500 ಮಿಲಿಗ್ರಾಂ ಎಂದು ಬರೆದಿದೆ. ಇದು ಗಾಂಜಾ ಅಲ್ವಾ? ಹೆಂಡತಿಗೆ ಏನೂ ಹೇಳಿಲ್ಲ. ಬಾಟಲಿಯನ್ನು ತೋಟಕ್ಕೆ ಹೊಡೆಯುವ ಮೈಲುತುತ್ತದ ಚೀಲದ ಹಿಂದೆ ಇಟ್ಟಿದ್ದೇನೆ.

ಉತ್ತರ: ನೀವು ಎಣ್ಣೆಯ ಬಗ್ಗೆ ಕೇಳಿದ್ದೀರಿ. ನನಗೆ ಚಿಂತೆ ಹತ್ತಿದ್ದು ಆ ‘ಐದೇ ದಿನ’ದ ಬಗ್ಗೆ. ಈ ಜಾತಿಯ ಮಾತ್ರೆಗಳು ಮೊದಲ ವಾರ ಗಾಬರಿಯನ್ನು ಕೊಂಚ ಏರಿಸುವುದುಂಟು. ಹೊಟ್ಟೆ ತೊಳೆಸುವುದೂ ಉಂಟು. ಗುಣ ಕಾಣಲು ಎರಡರಿಂದ ನಾಲ್ಕು ವಾರ ಬೇಕು, ಕೆಲವರಿಗೆ ಇನ್ನೂ ಜಾಸ್ತಿ. ಇದನ್ನು ನಿಮಗೆ ಮೊದಲೇ ಯಾರಾದರೂ ಬಿಡಿಸಿ ಹೇಳಬೇಕಿತ್ತು. ಹಾಗಂತ ನೀವಾಗಿಯೇ ಮತ್ತೆ ಶುರು ಮಾಡಬೇಡಿ. ಹೀಗಾಯಿತು ಅಂತ ವೈದ್ಯರಿಗೆ ಹೇಳಿ. ಕಡಿಮೆ ಪ್ರಮಾಣದಿಂದ ಶುರು ಮಾಡಿ ಮೆಲ್ಲಗೆ ಏರಿಸುವ ದಾರಿ ಇದೆ.

ಇನ್ನು ಎಣ್ಣೆ. ಸಿಬಿಡಿ ಗಾಂಜಾ ಗಿಡದ್ದೇ ಅಂಶ, ಆದರೆ ಅಮಲು ಬರಿಸುವುದು ಅದಲ್ಲ. ಅಮಲಿನ ಅಂಶ ಟಿಎಚ್‌ಸಿ. ಬಾವ ಸುಳ್ಳು ಹೇಳಿಲ್ಲ, ಅರ್ಧ ಹೇಳಿದ್ದಾನೆ. 2019ರಲ್ಲಿ ಬ್ರೆಜಿಲ್‌ನಲ್ಲಿ 57 ಆರೋಗ್ಯವಂತ ಗಂಡಸರಿಗೆ ಸಿಬಿಡಿ ಅಥವಾ ಔಷಧಿಯ ಅಂಶವೇ ಇಲ್ಲದ ಹುಸಿ ಮಾತ್ರೆ ಕೊಟ್ಟು ಭಾಷಣ ಮಾಡಿಸಿದರು. 300 ಮಿಲಿಗ್ರಾಂ ತೆಗೆದುಕೊಂಡವರಿಗೆ ಭಯ ಇಳಿಯಿತು. 150ಕ್ಕೂ ಇಳಿಯಲಿಲ್ಲ, 600ಕ್ಕೂ ಇಳಿಯಲಿಲ್ಲ. ಈಗ ನಿಮ್ಮ ಬಾಟಲಿಯ ಲೆಕ್ಕ ಹಾಕಿ. ನಾಲ್ಕು ಹನಿ ಅಂದರೆ ಸುಮಾರು 10 ಮಿಲಿಗ್ರಾಂ. ಆ 300ರ ಲೆಕ್ಕಕ್ಕೆ ಹೋದರೆ ಇಡೀ ಬಾಟಲಿ ಐದು ದಿನಕ್ಕೆ ಖಾಲಿ. ಅದೂ ಒಂದು ದಿನದ ಭಾಷಣದ ಭಯ, ಪ್ಯಾನಿಕ್ ಕಾಯಿಲೆಯಲ್ಲ. ಅಮೆರಿಕದಲ್ಲಿ 2018ರಲ್ಲಿ ಸಿಬಿಡಿ ಔಷಧಿಗೆ ಒಪ್ಪಿಗೆ ಸಿಕ್ಕಿದ್ದು ಅಪರೂಪದ ಫಿಟ್ಸ್ ಕಾಯಿಲೆಗಳಿಗೆ.

ಲೇಬಲ್ಲನ್ನೂ ಪೂರ್ತಿ ನಂಬುವಂತಿಲ್ಲ. 2017ರಲ್ಲಿ ಆನ್‌ಲೈನಿನಲ್ಲಿ ಕೊಂಡ ಇಂಥ 84 ಸರಕುಗಳನ್ನು ಅಮೆರಿಕದ ಸಂಶೋಧಕರು ಪರೀಕ್ಷಿಸಿದಾಗ 26ರಲ್ಲಿ ಮಾತ್ರ ಬರೆದ ಪ್ರಮಾಣಕ್ಕೂ ಇದ್ದದ್ದಕ್ಕೂ ತಾಳೆಯಾಯಿತು. 18ರಲ್ಲಿ ಟಿಎಚ್‌ಸಿ ಸಿಕ್ಕಿತು. ಆ ಟಿಎಚ್‌ಸಿಯೇ ಕೆಲವರಲ್ಲಿ ಪ್ಯಾನಿಕ್ ಎಬ್ಬಿಸುತ್ತದೆ! ಸಿಬಿಡಿ ಎಸಿಟಲೋಪ್ರಾಮ್‌ನಂಥ ಮಾತ್ರೆಯ ಮಟ್ಟವನ್ನು ರಕ್ತದಲ್ಲಿ ಏರಿಸಬಹುದು. ಪ್ರಮಾಣ ಜಾಸ್ತಿಯಾದರೆ ಲಿವರ್‌ಗೂ ಪೆಟ್ಟು. ಎರಡನ್ನೂ ಗುಟ್ಟಾಗಿ ಬೆರೆಸುವ ಕೆಲಸ ಮಾತ್ರ ಬೇಡ.

ಕಾನೂನಿನ ಮಾತು. 1985ರ ಮಾದಕ ವಸ್ತು ಕಾಯ್ದೆಯಲ್ಲಿ ಗಾಂಜಾ ಅಂದರೆ ಹೂವಿನ ತುದಿ. ಬರೀ ಎಲೆ, ಬೀಜ ಅದರಲ್ಲಿ ಬರುವುದಿಲ್ಲ. ಎಲೆಯಿಂದ ಮಾಡಿದ ‘ವಿಜಯಾ’ ಔಷಧಿಗಳನ್ನು ಆಯುಷ್ ಪರವಾನಗಿಯಲ್ಲಿ, ವೈದ್ಯರ ಚೀಟಿಯ ಮೇಲೆ ಮಾರುತ್ತಾರೆ. ಬಾಟಲಿ ಮೇಲೆ ಪರವಾನಗಿ ಸಂಖ್ಯೆ ಇಲ್ಲದಿದ್ದರೆ ಮುಟ್ಟಬೇಡಿ.

ಘಾಟಿಯಲ್ಲಿ ಆಗಿದ್ದೇನು? ಹುಲಿ ಎದುರಿಗೆ ಬಂದಾಗ ಮೈ ಏನು ಮಾಡುತ್ತದೋ ಅದನ್ನೇ ಹುಲಿ ಇಲ್ಲದೆ ಮಾಡಿತು. ಅಡ್ರಿನಲಿನ್ ನುಗ್ಗಿತು, ಉಸಿರಾಟ ಜೋರಾಯಿತು, ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಇಳಿದು ಕೈ ಜೋಮು ಹಿಡಿಯಿತು. ಸಾಮಾನ್ಯವಾಗಿ ಹತ್ತು ನಿಮಿಷದೊಳಗೆ ಇದು ತುದಿ ಮುಟ್ಟಿ, ತಾನಾಗಿಯೇ ಇಳಿಯುತ್ತದೆ. ನೀವು ಬಸ್ ಬಿಟ್ಟಿದ್ದರಿಂದ ಅದು ಇಳಿಯುವುದನ್ನು ನೋಡುವ ಅವಕಾಶವೇ ನಿಮಗೆ ಸಿಕ್ಕಿಲ್ಲ. ವೈದ್ಯರ ಹತ್ತಿರ ಸಿಬಿಟಿ ಬಗ್ಗೆ ಕೇಳಿ; ಇದು ಎಣ್ಣೆಯ ಸಿಬಿಡಿ ಅಲ್ಲ, ಯೋಚನೆ, ನಡವಳಿಕೆ ತಿದ್ದುವ ಮಾತಿನ ಚಿಕಿತ್ಸೆ. ಒಂದು ಸ್ಟಾಪ್, ಆಮೇಲೆ ಎರಡು ಸ್ಟಾಪ್ ಅಂತ ಬಸ್ಸಿನಲ್ಲಿ ಕೂತು ಅಭ್ಯಾಸ ಮಾಡಿಸುತ್ತಾರೆ. ಪ್ಯಾನಿಕ್‌ಗೆ ಮಾತ್ರೆಯಷ್ಟೇ ಗಟ್ಟಿ ಚಿಕಿತ್ಸೆ ಅದು.

ಅಡಿಕೆ ಬೆಳೆಗಾರರಿಗೆ ಹೇಳುವುದು ಕಷ್ಟದ ಮಾತು, ಆದರೂ ಕೇಳುತ್ತೇನೆ: ಕವಳ (ಎಲೆಯಡಿಕೆ) ದಿನಕ್ಕೆ ಎಷ್ಟು? ಅಡಿಕೆಯೂ ತಂಬಾಕೂ ಎದೆಬಡಿತ ಏರಿಸುತ್ತವೆ. ಖಾಲಿ ಹೊಟ್ಟೆಯ ಸ್ಟ್ರಾಂಗ್ ಕಾಫಿಯೂ ಅಷ್ಟೇ.

ಮನಸ್ಸಿಗೂ ಕಾಯಿಲೆ ಬರುತ್ತದೆ ಅಂತ ಮನೋವೈದ್ಯ ಡಾ. ಅಶೋಕ್ ಪೈ ದಶಕಗಳ ಕಾಲ ಕನ್ನಡದಲ್ಲೇ ಹೇಳಿದ್ದು ಈ ಶಿವಮೊಗ್ಗದಿಂದಲೇ. ಆದರೂ ನಮ್ಮ ಗಂಡಸರು ಇದನ್ನು ಗ್ಯಾಸ್ಟ್ರಿಕ್ ಅಂತ ಹೇಳಿ ಸೋಡಾ ಕುಡಿಯುತ್ತಾರೆ. ನಿಮ್ಮ ಹೆಂಡತಿಗೆ ಇವತ್ತೇ ಹೇಳಿ. ನೀವು ಬಸ್ ಹತ್ತುತ್ತಿಲ್ಲ ಅನ್ನುವುದು ಅವರಿಗೆ ಗೊತ್ತಾಗಿರುವುದಿಲ್ವಾ? ರಾತ್ರಿ ಗಾಬರಿಯಾದರೆ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ. ಉಚಿತ, ಕನ್ನಡದಲ್ಲೇ ಮಾತಾಡುತ್ತಾರೆ.

ಉಳಿದ ಮಾತ್ರೆ, ಬಾಟಲಿ ಎರಡನ್ನೂ ಒಂದೇ ಚೀಲಕ್ಕೆ ಹಾಕಿಕೊಂಡು ಗಂಡ ಹೆಂಡತಿ ಇಬ್ಬರೂ ವೈದ್ಯರ ಹತ್ತಿರ ಹೋಗಿ ಬನ್ನಿ. ಅಲ್ಲಿಯವರೆಗೆ ಬಾಟಲಿಯನ್ನು ಮೈಲುತುತ್ತದ ಹತ್ತಿರದಿಂದ ತೆಗೆಯಿರಿ ಮಾರಾಯ್ರೇ, ಬಾಯಿಗೆ ಹಾಕುವ ವಸ್ತು ಇಡುವ ಜಾಗವಾ ಅದು?