ಟಯರ್ ಬದಲಿಸಿದ ಮೇಲೆ ಲಾರಿಯ ವೀಲ್ ನಟ್ ಮತ್ತೆ ನೋಡಬೇಕಾ?

ಕಾರವಾರದಲ್ಲಿ ಹಿಂದಿನ ಜೋಡಿ ಟಯರ್ ಬದಲಿಸಿದ್ದೀರಿ, ಅಂಗಡಿಯವರು ಪಾನಾಕ್ಕೆ ಉದ್ದ ಪೈಪ್ ಸಿಕ್ಕಿಸಿ ಮೇಲೆ ಹತ್ತಿ ಕುಣಿದು ಟೈಟ್ ಮಾಡಿದ್ದಾರೆ, ಲೋಡ್ ಹಾಕಿಕೊಂಡು ಹುಬ್ಬಳ್ಳಿಗೆ ಹೊರಟಿದ್ದೀರಿ, ನಟ್ ಮತ್ತೆ ನೋಡಬೇಕಾ ಅಂತ ಕೇಳಿದ್ದೀರಿ. ಖಂಡಿತ ನೋಡಬೇಕು. ಅದೂ ಅರಬೈಲ್ ಘಟ್ಟ ಹತ್ತುವ ಮೊದಲೇ. ನಾನು ಇಲ್ಲೇ ಲಾರಿ ಗ್ಯಾರೇಜಿನಲ್ಲಿ ಕೆಲಸ ಮಾಡುವವನು, ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ಜೋಡಿ ಟಯರ್ ಅಂದರೆ ಎರಡು ಡಿಸ್ಕ್ (ಟಯರ್ ಕೂರುವ ಕಬ್ಬಿಣದ ಚಕ್ರ), ಅದರ ಹಿಂದೆ ಬ್ರೇಕಿನ ಡ್ರಮ್. ಇವುಗಳ ನಡುವೆ ಸಿಕ್ಕ ತುಕ್ಕು, ಮಣ್ಣು, ಬಣ್ಣ ಗಾಡಿ ಓಡಿದ ಹಾಗೆ ಅರೆದು ಪುಡಿಯಾಗುತ್ತದೆ. ಕೂದಲೆಳೆಯಷ್ಟು ಜಾಗ ಬಿಟ್ಟರೂ ನಟ್ ಕೂರುವ ಬೋಲ್ಟ್, ಅಂದರೆ ಸ್ಟಡ್‌ನ ಬಿಗಿ ಇಳಿದುಹೋಗುತ್ತದೆ, ನಟ್ ಒಂದು ಚೂರೂ ತಿರುಗಿರುವುದಿಲ್ಲ! ಆದ್ದರಿಂದ 50ರಿಂದ 80 ಕಿಲೋಮೀಟರ್ ಓಡಿದ ಮೇಲೆ ಇನ್ನೊಮ್ಮೆ ಟೈಟ್ ನೋಡಲೇಬೇಕು. ಆಯುಧ ಪೂಜೆಗೆ ಅಂತ ಡಿಸ್ಕ್‌ಗೆ ದಪ್ಪಗೆ ಪೇಂಟ್ ಹೊಡೆಸಿದ್ದರಂತೂ ಜಾಸ್ತಿ ಎಚ್ಚರ ಬೇಕು. ನಟ್ ಕೂರುವ ಜಾಗಕ್ಕೂ ಡಿಸ್ಕ್ ಡಿಸ್ಕಿಗೆ ತಾಗುವ ಜಾಗಕ್ಕೂ ಪೇಂಟ್ ಬೇಡ. ಕೂರಿಸುವ ಮೊದಲು ವೈರ್ ಬ್ರಷ್‌ನಿಂದ ಉಜ್ಜಿಸಿ. ನಮ್ಮ ಉಪ್ಪು ಗಾಳಿಗೆ ತುಕ್ಕು ಬೇಗ ಹಿಡಿಯುತ್ತದೆ.

ಕುಣಿಯುವ ವಿಷಯ. ದೊಡ್ಡ ಲಾರಿಗಳಿಗೆ ಸಾಮಾನ್ಯವಾಗಿ 600 ನ್ಯೂಟನ್ ಮೀಟರ್ (ಟಾರ್ಕ್, ಅಂದರೆ ತಿರುಗಿಸುವ ಬಲದ ಅಳತೆ) ಆಸುಪಾಸು ಬೇಕು, ನಿಮ್ಮ ಗಾಡಿಯ ಪುಸ್ತಕದಲ್ಲಿ ಇರುವ ಅಂಕಿಯೇ ಕೊನೆ ಮಾತು. 60 ಕಿಲೋ ತೂಕದ ಹುಡುಗ ಒಂದು ಮೀಟರ್ ಪೈಪಿನ ತುದಿಯಲ್ಲಿ ಸುಮ್ನೆ ನಿಂತರೇ ಹೆಚ್ಚುಕಮ್ಮಿ ಅಷ್ಟಾಯಿತು. ಒಂದೂವರೆ ಮೀಟರ್ ಪೈಪಿನ ಮೇಲೆ 70 ಕಿಲೋದವರು ನಿಂತರೆ ಸಾವಿರ ದಾಟುತ್ತದೆ, ಇನ್ನು ಕುಣಿದರೆ ಲೆಕ್ಕವೇ ಇಲ್ಲ. ಸ್ಟಡ್ ಎಳೆದು ಸೋತುಹೋಗುತ್ತದೆ, ಆಮೇಲೆ ಯಾವಾಗ ಮುರಿಯುತ್ತದೋ ಗೊತ್ತಾಗಲ್ಲ. ನಟ್ ತಿರುಗಿಸುವ ಗನ್ನಿನಿಂದ ನಟ್ ಓಡಿಸಲಿ, ಆದರೆ ಕೊನೆಯ ಬಿಗಿ, ಇಟ್ಟ ಅಂಕಿ ಬಂದಾಗ ಟಕ್ ಅನ್ನುವ ಟಾರ್ಕ್ ರೆಂಚ್‌ನಿಂದಲೇ ಆಗಬೇಕು. ಒಂದು ನಟ್ ಆದ ಮೇಲೆ ಅದರ ಎದುರಿನದು, ಹೀಗೆ. ಪಕ್ಕಪಕ್ಕದ್ದು ಮಾಡುತ್ತ ಹೋದರೆ ಡಿಸ್ಕ್ ಓರೆಯಾಗಿ ಕೂರುತ್ತದೆ.

ದಾರಿಯಲ್ಲಿ ನೋಡುವಾಗ ಸಮತಟ್ಟು ಜಾಗಕ್ಕೆ ಹಾಕಿ, ಹ್ಯಾಂಡ್ ಬ್ರೇಕ್ ಎಳೆದು ಚಕ್ರಕ್ಕೆ ಅಡ್ಡ ಕೊಡಿ. ಘಟ್ಟ ಇಳಿದ ಕೂಡಲೇ ಡ್ರಮ್ ಕಾದಿರುತ್ತದೆ, ತಣ್ಣಗಾಗಲು ಬಿಡಿ. ನಟ್ ಬಿಚ್ಚಬೇಡಿ, ರೆಂಚ್ ಅದೇ ಅಂಕಿಗೆ ಇಟ್ಟು ಎಳೆಯಿರಿ, ನಟ್ ಅಲುಗದೆ ಟಕ್ ಅಂದರೆ ಸರಿ.

ದಿನಾ ಬೆಳಿಗ್ಗೆ ಕಣ್ಣಲ್ಲೂ ನೋಡಿ. ಒಂದು ನಟ್‌ನ ಬುಡದಿಂದ ಮಾತ್ರ ಡಿಸ್ಕ್ ಮೇಲೆ ಕಂದು ಗೆರೆ ಇಳಿದಿದ್ದರೆ ಅನುಮಾನ ಪಡಿ. ಮಳೆಗಾಲದಲ್ಲಿ ಎಲ್ಲ ಕಡೆ ತುಕ್ಕೇ ಅಲ್ವಾ, ಹಾಗಾಗಿ ಒರೆಸಿಬಿಡಿ. ಮಾರನೇ ದಿನ ಅದೇ ನಟ್ ಮತ್ತೆ ಗೆರೆ ಬಿಟ್ಟಿದ್ದರೆ ಒಳಗೆ ಅಲುಗಾಟ ಇದೆ. ಅಂಥದ್ದನ್ನು ಬರೀ ಟೈಟ್ ಮಾಡಿ ಹೊರಡಬೇಡಿ, ಚಕ್ರ ಬಿಚ್ಚಿಸಿ. ತೂತು ಉದ್ದುದ್ದ ಆಗಿದ್ದರೆ ಆ ಡಿಸ್ಕ್ ಹಾಕಲೇಬಾರದು. ಸ್ಟಡ್ ಒಂದು ಮುರಿದಿದ್ದರೆ ಅದರ ಎರಡೂ ಪಕ್ಕದ್ದನ್ನೂ ಬದಲಿಸಿ, ಮುರಿದದ್ದರ ಭಾರ ಅವೇ ಹೊತ್ತಿರುತ್ತವೆ.