ಜ್ಞಾನೋಕ್ತಿಗಳನ್ನು ನಿತ್ಯಜೀವನಕ್ಕೆ ಅನ್ವಯಿಸಿಕೊಳ್ಳುವುದು ಹೇಗೆ?

ಬೈಬಲಿನ ಒಂದು ಪುಸ್ತಕವಾದ ಜ್ಞಾನೋಕ್ತಿಗಳಿಂದ ಕ್ರೈಸ್ತ ವಿಶ್ವಾಸಿಯು ದಿನನಿತ್ಯದ ಬದುಕಿಗೆ ಏನನ್ನು ಕಲಿಯಬಹುದು ಎಂಬ ಪ್ರಶ್ನೆಗೆ ಉತ್ತರಿಸುವ ಮೊದಲು, ಅಲ್ಲಿನ ಹೆಚ್ಚಿನ ಮಾತುಗಳು ತಪ್ಪದೆ ನೆರವೇರುವ ವಾಗ್ದಾನಗಳಲ್ಲ, ದೈವಭಯದಿಂದ ಬದುಕನ್ನು ಗಮನಿಸಿದವರು ಕಂಡುಕೊಂಡ ವಿವೇಕ ಎಂಬುದನ್ನು ನೆನಪಿಡಬೇಕು. 26ನೆಯ ಅಧ್ಯಾಯದ 4ನೆಯ ವಚನವು ಮೂಢನಿಗೆ ಅವನ ಮೂರ್ಖತನಕ್ಕೆ ತಕ್ಕಂತೆ ಉತ್ತರ ಕೊಡಬೇಡ ಎನ್ನುತ್ತದೆ. ಮರುವಚನವೇ ಕೊಡು ಎನ್ನುತ್ತದೆ. ಯಾವಾಗ ಸುಮ್ಮನಿರಬೇಕು, ಯಾವಾಗ ಮಾತನಾಡಬೇಕು ಎಂಬುದನ್ನು ಸಂದರ್ಭ ನೋಡಿ ತೀರ್ಮಾನಿಸುವ ಹೊಣೆ ಹೀಗೆ ಓದುಗನ ಮೇಲೆಯೇ ಬೀಳುತ್ತದೆ.

ನನ್ನ ದೃಷ್ಟಿಯಲ್ಲಿ ಅತ್ಯಂತ ಉಪಯುಕ್ತವಾದವು ನಾಲಿಗೆಯ ಕುರಿತಾದ ಮಾತುಗಳು. ಮೃದುವಾದ ಉತ್ತರವು ಸಿಟ್ಟನ್ನು ಇಳಿಸುತ್ತದೆ (15:1), ಪೂರ್ತಿ ಕೇಳಿಸಿಕೊಳ್ಳದೆ ಉತ್ತರಿಸುವುದು ಮೂರ್ಖತನವೂ ನಾಚಿಕೆಗೇಡೂ ಹೌದು (18:13) ಎಂಬ ಎರಡನ್ನೇ, ಮನೆಯಲ್ಲಿ ಮಾತಿಗೆ ಮಾತು ಬೆಳೆಯುವಾಗಲೂ ಮೊಬೈಲಿನ ಸಂದೇಶವನ್ನು ಅರ್ಧ ಓದಿ ಬಿರುಸಾಗಿ ಉತ್ತರಿಸಲು ಹೊರಟಾಗಲೂ ನೆನೆದರೆ ಎಷ್ಟೋ ಜಗಳಗಳು ಹುಟ್ಟುವುದೇ ಇಲ್ಲ. ಹೊಸ ಒಡಂಬಡಿಕೆಯಲ್ಲಿ ಯಾಕೋಬನ ಪತ್ರಿಕೆಯೂ (1:19) ಇದನ್ನೇ ಬೋಧಿಸುತ್ತದೆ.

ಹಣದ ವಿಷಯದಲ್ಲಿ, ಜ್ಞಾನೋಕ್ತಿಗಳ 30ನೆಯ ಅಧ್ಯಾಯದ ಮಾತುಗಳನ್ನು ನುಡಿದ ಆಗೂರನ ಪ್ರಾರ್ಥನೆ (30:8-9) ಸಾಕು: ಬಡತನವೂ ಬೇಡ, ಐಶ್ವರ್ಯವೂ ಬೇಡ, ಹೆಚ್ಚಾದರೆ ದೇವರನ್ನು ಮರೆತೇನು, ಕೊರತೆಯಾದರೆ ಕಳ್ಳತನಕ್ಕೆ ಇಳಿದೇನು ಎಂಬುದು ಅವನ ಅಂಜಿಕೆ. ಸಿರಿತನವನ್ನೇ ಆಶೀರ್ವಾದದ ಗುರುತೆಂದು ಬೋಧಿಸುವವರು ಏಕೋ ಈ ಪ್ರಾರ್ಥನೆಯನ್ನು ಅಷ್ಟಾಗಿ ಎತ್ತುವುದಿಲ್ಲ.