ಪಾಂಡಿಚೇರಿಯಲ್ಲಿ ಹಳೇ ಮನೆಯಲ್ಲಿ ಉಳಿಯಬೇಕಾ? ಮೊದಲು ಛಾವಣಿಯ ಫೋಟೋ ತರಿಸಿಕೊಳ್ಳಿ

ಬೆಂಗಳೂರಿಂದ ಅಮ್ಮನನ್ನು ಕರೆದುಕೊಂಡು ಎರಡು ರಾತ್ರಿಗೆ ಪಾಂಡಿಚೇರಿಗೆ ಹೋಗುತ್ತಿದ್ದೀರಿ, ಎಲ್ಲಾ ಊರಲ್ಲೂ ಸಿಗೋ ಎಸಿ ರೂಮ್ ಬೇಡ, ಆ ಊರಿನದೇ ಅನ್ನಿಸೋ ಜಾಗ ಬೇಕು, ಅದಕ್ಕೆ ವೈಟ್ ಟೌನ್ ಒಳಗೇ ಇರಬೇಕಾ ಅಂತ ಕೇಳಿದ್ದೀರಿ. ಬೇಕಾಗಿಲ್ಲ. ನನ್ನ ಕೇಳಿದರೆ ತಮಿಳರ ಬೀದಿಗಳ ಕಡೆಯೇ ಉಳಿದುಕೊಳ್ಳಿ.

ಊರಿನ ನಕ್ಷೆ ಸುಲಭ. ಮಧ್ಯೆ ಒಂದು ಕಾಲುವೆ ಇದೆ. ಹೆಸರಿಗೆ ಕಾಲುವೆ, ನೋಡೋಕೆ ದೊಡ್ಡ ಮೋರಿ. ಅದರಿಂದ ಸಮುದ್ರದ ಕಡೆಗೆ ಫ್ರೆಂಚರ ಬೀದಿಗಳು, ಅದೇ ವೈಟ್ ಟೌನ್. ಇನ್ನೊಂದು ಕಡೆ ತಮಿಳರ ಬೀದಿಗಳು. ಇನ್‌ಸ್ಟಾಗ್ರಾಮ್‌ನಲ್ಲಿ ಕಾಣೋ ಹಳದಿ ಗೋಡೆ, ಕಾಗದದ ಹೂವಿನ ಬಳ್ಳಿ ಎಲ್ಲಾ ಮೊದಲನೆಯದರಲ್ಲಿ.

ಮೊದಲ ಸಲ ಹೋದಾಗ ನಾನೂ ಆ ಹಳದಿ ಗೋಡೆ ನೋಡಿಯೇ ಮೋಸ ಹೋದವನು. ಹೋಟೆಲ್ ಹೆಸರು ಬೇಡ ಬಿಡಿ. ಕಮಾನಿನ ಗೇಟು, ಎತ್ತರದ ಕಂಬಗಳು, ಒಳಗೆ ಬೆತ್ತದ ಕುರ್ಚಿ, ಕೈಗೆ ಒಂದು ಲೋಟ ನಿಂಬೆ ಪಾನಕ, ಎಲ್ಲಾ ಚೆನ್ನಾಗಿತ್ತು. ಆಮೇಲೆ ಹುಡುಗ ಬ್ಯಾಗು ಎತ್ತಿಕೊಂಡು ಆ ಹಳೇ ಹಾಲ್ ದಾಟಿ, ಅಡುಗೆಮನೆ ದಾಟಿ, ಹಿತ್ತಲಿಗೆ ಹೋಗಿ ಅಲ್ಲಿ ಹೊಸದಾಗಿ ಎಬ್ಬಿಸಿದ ಮೂರು ಮಹಡಿಯ ಕಟ್ಟಡಕ್ಕೆ ಕರೆದುಕೊಂಡು ಹೋದ. ಕಿಟಕಿ ತೆಗೆದರೆ ಎದುರಿಗೆ ಜನರೇಟರ್. ದುಡ್ಡು ಕೊಟ್ಟಿದ್ದು ಗೋಡೆಗೆ, ಮಲಗಿದ್ದು ಸಿಮೆಂಟ್ ಡಬ್ಬದಲ್ಲಿ.

ಆವತ್ತಿಂದ ನಾನು ಬುಕ್ ಮಾಡೋ ಮೊದಲು ಒಂದೇ ಒಂದು ಕೆಲಸ ಮಾಡುತ್ತೇನೆ. ಫೋನ್ ಮಾಡಿ, ನಮಗೆ ಕೊಡೋ ರೂಮಿನ ಛಾವಣಿಯ ಫೋಟೋ ವಾಟ್ಸಾಪ್ ಮಾಡಿ ಅಂತೀನಿ. ಮಂಚದ್ದಲ್ಲ, ಬಾತ್‌ರೂಮಿನದ್ದಲ್ಲ, ಛಾವಣಿಯದ್ದು. ಕೆಲವರು ನಗುತ್ತಾರೆ, ನಗಲಿ. ಪಾಂಡಿಯ ಹಳೇ ಮನೆಗಳದ್ದು ಮದ್ರಾಸ್ ತಾರಸಿ. ಹತ್ತಿರ ಹತ್ತಿರ ಮರದ ತೊಲೆ ಹಾಕಿ, ಅದರ ಮೇಲೆ ಸಣ್ಣ ಸಣ್ಣ ಇಟ್ಟಿಗೆಗಳನ್ನು ಅಂಚಿನ ಮೇಲೆ ನಿಲ್ಲಿಸಿ ಸುಣ್ಣದ ಗಾರೆಯಲ್ಲಿ ಕೂರಿಸಿರುತ್ತಾರೆ. ನಮ್ಮ ಬಸವನಗುಡಿ, ಮಲ್ಲೇಶ್ವರದ ಹಳೇ ಮನೆಗಳಲ್ಲೂ ನೋಡಿರುತ್ತೀರಿ. ಫೋಟೋದಲ್ಲಿ ತೊಲೆ ಕಂಡರೆ ರೂಮು ಹಳೇ ಭಾಗದಲ್ಲಿದೆ ಅಂತ ಹೆಚ್ಚುಕಮ್ಮಿ ನಂಬಬಹುದು. ನುಣ್ಣಗೆ ಬಿಳಿ ಪಿಒಪಿ, ಸುತ್ತಾ ಎಲ್‌ಇಡಿ ಕಂಡರೆ ಹಿತ್ತಲಿನ ಡಬ್ಬ ಅಂದುಕೊಳ್ಳಿ.

ತಮಿಳರ ಕಡೆ ಯಾಕೆ ಅಂತೀರಾ? ಫ್ರೆಂಚ್ ಮನೆಗಳು ಬೀದಿಗೆ ಬೆನ್ನು ಹಾಕಿ ಕೂತಂತೆ ಇರುತ್ತವೆ. ಎತ್ತರದ ಕಾಂಪೌಂಡು, ದೊಡ್ಡ ಗೇಟು, ತೋಟ ಎಲ್ಲಾ ಒಳಗೆ. ತಮಿಳು ಮನೆ ಹಾಗಲ್ಲ. ಗೋಡೆಗೆ ಗೋಡೆ ಅಂಟಿಕೊಂಡಿರುತ್ತವೆ. ಬೀದಿಗೇ ಚಾಚಿದ ಹೆಂಚಿನ ಮಾಡು, ಅದಕ್ಕೆ ತಾಳ್ವಾರಂ ಅಂತಾರೆ. ಅದರ ಹಿಂದೆ ತಿಣ್ಣೈ, ಅಂದರೆ ನಮ್ಮ ಜಗಲಿ. ಒಳಗೆ ಹೋದರೆ ನಡುವೆ ಆಕಾಶಕ್ಕೆ ತೆರೆದ ಅಂಗಳ, ಸುತ್ತಾ ಕಂಬ. ನಮ್ಮ ತೊಟ್ಟಿ ಮನೆಯೇ ಅನ್ನಿ. ಇನ್ನೂ ಮಜಾ ಏನಂದ್ರೆ, ಕೆಲವು ಮನೆಗಳಲ್ಲಿ ಕೆಳಗೆ ಪೂರ್ತಿ ತಮಿಳು, ಮೇಲಿನ ಮಹಡಿಗೆ ಮಾತ್ರ ಫ್ರೆಂಚ್ ಕಮಾನು ಕಿಟಕಿ. ಇದನ್ನು ನೋಡೋಕೆ ವೈಸ್ಯಾಳ್ ಬೀದಿಗೆ ಹೋಗಿ. ಬೋರ್ಡಿನಲ್ಲಿ ಕಾಲ್ವೆ ಸುಬ್ಬರಾಯ ಚೆಟ್ಟಿ ಬೀದಿ ಅಂತ ಇರುತ್ತದೆ. ಅಲ್ಲಿನ ಸಾಲು ಮನೆಗಳ ಮುಂಭಾಗವನ್ನು, ಹಳೇ ಕಟ್ಟಡ ಉಳಿಸೋ ಸಂಸ್ಥೆಯಾದ ಇಂಟ್ಯಾಕ್‌ನವರು ಹಳೇ ರೀತಿಯಲ್ಲೇ ಸರಿಮಾಡಿಸಿದ್ದಾರೆ.

ಹೋದ ಸಲ ನಾವು ಆ ಕಡೆಯೇ ಒಂದು ಸಣ್ಣ ಗೆಸ್ಟ್ ಹೌಸ್‌ನಲ್ಲಿ ಇದ್ದೆವು. ರೂಮಿನ ಬಾಗಿಲು ನೇರ ಅಂಗಳಕ್ಕೆ. ಬೆಳಿಗ್ಗೆ ಐದೂವರೆಗೆ ಯಾರೋ ಅಂಗಳಕ್ಕೆ ನೀರು ಹಾಕಿ ಪರ ಪರ ಅಂತ ಗುಡಿಸಿದ ಸದ್ದಿಗೆ ಎಚ್ಚರ ಆಯಿತು. ಹೊರಗೆ ಬಂದರೆ ನನ್ನ ಅಮ್ಮ ಆಗಲೇ ಜಗಲಿಯಲ್ಲಿ ಕೂತು, ಭಾಷೆ ಬರದಿದ್ದರೂ, ಕೋಲಂ ಹಾಕುತ್ತಿದ್ದ ಹೆಂಗಸಿಗೆ ಒಂದು ಚುಕ್ಕಿ ಬಿಟ್ಟಿದ್ದೀಯ ಅಂತ ಬೆರಳು ತೋರಿಸುತ್ತಿದ್ದಳು. ಆದರೆ ನಿದ್ದೆ ತೆಳುವಾಗಿದ್ದರೆ ಇಂಥ ಮನೆ ಕಷ್ಟ, ಮೊದಲೇ ಹೇಳಿಬಿಡುತ್ತೇನೆ. ಅಂಗಳದಲ್ಲಿ ಒಬ್ಬರು ಕೆಮ್ಮಿದರೆ ನಾಲ್ಕೂ ರೂಮಿಗೆ ಕೇಳುತ್ತದೆ.

ಬಜೆಟ್ ಜಾಸ್ತಿ ಇದ್ದರೆ ಪೆರುಮಾಳ್ ಕೋಯಿಲ್ ಬೀದಿಯ ಮೈಸೋಂ ಪೆರುಮಾಳ್ ನೋಡಿ, ಎರಡು ಅಂಗಳದ ತಮಿಳು ಮನೆಯನ್ನೇ ಹೋಟೆಲ್ ಮಾಡಿದ್ದಾರೆ. ಇಲ್ಲ, ಸಮುದ್ರ ಕಾಣಲೇಬೇಕು ಅಂದರೆ ಅರವಿಂದಾಶ್ರಮದ ಪಾರ್ಕ್ ಗೆಸ್ಟ್ ಹೌಸ್. ಬೀಚ್ ರಸ್ತೆಯ ದಕ್ಷಿಣದ ತುದಿಯಲ್ಲಿ, ತೋಟದ ಆಚೆಗೇ ಸಮುದ್ರ. ರೂಮು ತೀರಾ ಸಾದಾ. ಸಿಗರೇಟು, ಕುಡಿತ ಏನೂ ಇಲ್ಲ, ರಾತ್ರಿ ಹತ್ತೂವರೆಗೆ ಗೇಟು ಹಾಕುತ್ತಾರೆ. ಅಮ್ಮನ ಜೊತೆ ಹೋಗೋರಿಗೆ ಇದೇನೂ ತೊಂದರೆ ಅಲ್ಲ ಅಲ್ವಾ, ಗೆಳೆಯರ ಜೊತೆ ಹೋಗೋರಿಗೆ ಮಾತ್ರ ಜೈಲು ಅನ್ನಿಸಬಹುದು.

ಅಮ್ಮನಿಗೆ ಮಂಡಿ ನೋವು ಅಂತ ಬರೆದಿದ್ದೀರಿ. ಹಾಗಿದ್ದರೆ ಕೆಳಗಿನ ರೂಮೇ ಕೇಳಿ. ಹಳೇ ಮನೆಗಳ ಮರದ ಮೆಟ್ಟಿಲು ಏಣಿಯಷ್ಟು ಕಡಿದು, ಹೊಸ್ತಿಲೂ ಎತ್ತರ. ಲಿಫ್ಟ್ ಇದೆಯಾ ಅಂತ ಕೇಳಿದರೆ ಇದೆ ಅಂತಾರೆ, ಆದರೆ ಅದು ಹಿತ್ತಲಿನ ಕಟ್ಟಡಕ್ಕೆ. ಮಹಾತ್ಮ ಗಾಂಧಿ ರಸ್ತೆಗೆ ಮುಖ ಮಾಡಿದ ರೂಮು ಬೇಡ, ಹಾರ್ನ್ ನಿಲ್ಲೋದೇ ಇಲ್ಲ. ಅದೂ ಅಲ್ಲದೆ ಭಾನುವಾರ ಆ ರಸ್ತೆ ಪೂರ್ತಿ ಸಂತೆ, ಕಾರು ಒಳಗೆ ಹೋಗೋದು ಕನಸು.

ಬೀಚ್ ರಸ್ತೆ ದೂರ ಆಗುತ್ತೆ ಅನ್ನೋ ಚಿಂತೆ ಬೇಡ. ತಮಿಳರ ಬೀದಿಗಳಿಂದ ಕಾಲು ಗಂಟೆ ನಡೆದರೆ ಸಮುದ್ರ, ಮಂಡಿ ನೋವಿಗೆ ಆಟೋ ಇದೆ. ಸಂಜೆ ಆರಕ್ಕೆ ಅಲ್ಲಿ ವಾಹನ ಬಂದ್ ಮಾಡುತ್ತಾರೆ, ಬೆಳಿಗ್ಗೆ ಏಳೂವರೆವರೆಗೂ ರಸ್ತೆ ನಡೆಯೋರದ್ದೇ. ಕಾಲು ನೆನೆಸೋ ಆಸೆ ಮಾತ್ರ ಇಟ್ಟುಕೊಳ್ಳಬೇಡಿ, ದಡದ ಉದ್ದಕ್ಕೂ ಬಹುಪಾಲು ಕಪ್ಪು ಬಂಡೆಗಳೇ. ದಾರಿಯಲ್ಲಿ ಮನಕುಳ ವಿನಾಯಕನ ಗುಡಿ ಸಿಗುತ್ತದೆ, ಅಮ್ಮನಿಗೆ ಇಷ್ಟವಾಗುತ್ತದೆ. ಗುಡಿಯ ಆನೆ ಲಕ್ಷ್ಮಿ ಎಲ್ಲಿ ಅಂತ ಕೇಳಿದರೆ, ಪಾಪ, ಅದು 2022ರ ನವೆಂಬರ್‌ನಲ್ಲಿ ಬೀದಿಯಲ್ಲೇ ಕುಸಿದು ತೀರಿಹೋಯಿತು.

ಆದರೆ ಶನಿವಾರ ಭಾನುವಾರ ಬಿಟ್ಟು ಹೋಗಿ. ವೀಕೆಂಡಲ್ಲಿ ಅರ್ಧ ಬೆಂಗಳೂರು ಅಲ್ಲೇ ಇರುತ್ತದೆ, ಬಾಡಿಗೆಯೂ ಏರಿರುತ್ತದೆ. ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಅವರಿಗೆ ಮಳೆಗಾಲ, ಅದು ನೆನಪಿರಲಿ. ಕಾರಲ್ಲಾದರೆ ಕೃಷ್ಣಗಿರಿ, ತಿರುವಣ್ಣಾಮಲೈ, ಸೆಂಜಿ, ತಿಂಡಿವನಂ ಮೇಲೆ ಹೆಚ್ಚುಕಮ್ಮಿ 310 ಕಿಲೋಮೀಟರ್. ಬೆಳಿಗ್ಗೆ ಐದಕ್ಕೆ ಬಿಟ್ಟರೆ ಊಟದ ಹೊತ್ತಿಗೆ ಅಂಗಳದಲ್ಲಿರುತ್ತೀರಿ. ರೂಮಿನ ಫೋಟೋ ಕಳಿಸಿದರೆ ತೊಲೆ ಅಸಲಿಯಾ, ಆಮೇಲೆ ಅಂಟಿಸಿದ್ದಾ ಅಂತ ನಾನೂ ನೋಡಿ ಹೇಳುತ್ತೇನೆ.